ಚಕ್ರ ಕೆಟ್ಟಿರಲಿಲ್ಲ

ನಮ್ಮೂರು ಕೆಂಕೆರೆಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: “ವಿಮಾನದ ಚಕ್ರ ಕೆಟ್ಟೋಗಿತ್ತಂತಲ್ಲ?” ಕೆಟ್ಟಿರಲಿಲ್ಲ. 2023ರ ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಪ್ರೀಮಿಯರ್ 1ಎ ವಿಮಾನ ಮುಂದಿನ ಚಕ್ರವಿಲ್ಲದೆ ಇಳಿಯಿತಲ್ಲ, ಅಲ್ಲಿ ಯಂತ್ರ ಕೈಕೊಟ್ಟಿತ್ತು. ಒಳಗಿದ್ದ ಇಬ್ಬರು ಪೈಲಟ್‌ಗಳಿಗೆ ಅದು ಗೊತ್ತಿತ್ತು, ಸಿದ್ಧರಾಗಿ ಇಳಿಸಿದರು. ಟೆಕ್ಸಾಸ್‌ನಲ್ಲಿ ನಾನು ಇಳಿಸಿದ ಪೈಪರ್ ಆ್ಯರೋದ ಮೂರೂ ಚಕ್ರ ಗಟ್ಟಿಮುಟ್ಟಾಗಿದ್ದವು, ಒಳಗೇ ಮಡಚಿಕೊಂಡಿದ್ದವು.

ನಾನು ವಿಮಾನ ಹಾರಿಸಲು ಕಲಿತದ್ದು ಬೆಂಗಳೂರಿನ ಜಕ್ಕೂರಿನಲ್ಲಿ. ಅಲ್ಲಿ ನಾನು ಹಾರಿಸಿದ ಸೆಸ್ನಾಗಳ ಚಕ್ರ ಮಡಚುವುದೇ ಇಲ್ಲ. ಆ್ಯರೋದಲ್ಲಿ ರನ್‌ವೇ ಪಕ್ಕದಲ್ಲೇ ಹಾರುತ್ತ ಇಳಿಯುವ ತುದಿ ದಾಟುವ ಕ್ಷಣಕ್ಕೆ ಚಕ್ರ ಇಳಿಸುವ ಗೇರ್ ಲಿವರ್ ಒತ್ತುವುದು ನನ್ನ ರೂಢಿ. ಆವತ್ತು ಸರಿಯಾಗಿ ಅದೇ ಕ್ಷಣಕ್ಕೆ ಟವರ್‌ನವರು, ಹಿಂದೆ ಜೆಟ್ ಬರ್ತಿದೆ, ಬೇಗ ತಿರುಗಿ ಅಂದರು. ಪಕ್ಕದಲ್ಲಿ ಕೂತ ನಮ್ಮ ಭಾವನಿಗೆ ಊರಿನ ತೋಟದ ಪಾಲು, ತಿಪಟೂರಿನ ಉಂಡೆ ಕೊಬ್ಬರಿ ರೇಟು ಆಗಲೇ ನೆನಪಾಗಬೇಕೆ! ಲಿವರ್ ಒತ್ತುವುದು ಮರೆತೇ ಹೋಯಿತು. ಥ್ರಾಟಲ್ ಎಳೆದಾಗಿನಿಂದ ಚಕ್ರ ಇಳಿದಿಲ್ಲ ಅನ್ನುವ ಎಚ್ಚರಿಕೆಯ ಹಾರ್ನ್ ಬಡಿದುಕೊಳ್ಳುತ್ತಿತ್ತು. ಹೆಡ್‌ಸೆಟ್‌ನಲ್ಲಿ ಭಾವನ ದನಿ ಅದಕ್ಕಿಂತ ಜೋರು. ಕೇಳಿಸಿದ್ದಷ್ಟನ್ನು, ವೇಗ ತೀರಾ ತಗ್ಗಿದಾಗ ಕೂಗುವ ಸ್ಟಾಲ್ ಹಾರ್ನ್ ಅಂದುಕೊಂಡೆ. ನೆಲ ಮುಟ್ಟುವಾಗ ಅದು ಕೂಗುವುದು ಸಹಜ.

ನೆಲ ಸಿಗಬೇಕಾದ ಎತ್ತರದಲ್ಲಿ ಸಿಗಲಿಲ್ಲ. ಇನ್ನೂ ಕೆಳಗೆ, ಇನ್ನೂ ಕೆಳಗೆ. ಆಮೇಲೆ ಪ್ರೊಪೆಲ್ಲರ್ ಟಕಟಕ ಬಡಿದು ನಿಂತಿತು. ಚಾವಣಿಯ ತಗಡನ್ನು ಸಿಮೆಂಟಿನ ಮೇಲೆ ದರದರ ಎಳೆದಂಥ ಸದ್ದು, ಜಾರುತ್ತಲೇ ಇದ್ದೇವೆ. ಎಂಜಿನ್ ಆರಿಸಲು ಮಿಕ್ಸ್ಚರ್ ಎಳೆದೆ, ಪೆಟ್ರೋಲ್ ಬಂದ್ ಮಾಡಿದೆ, ಮಾಸ್ಟರ್ ಸ್ವಿಚ್ ಆರಿಸಿದೆ. ಮೂಗಿಗೆ ಸುಟ್ಟ ಅಲ್ಯೂಮಿನಿಯಂ ವಾಸನೆ. ಆ್ಯರೋಗೆ ಮುಂದೆ ಬಾಗಿಲು ಒಂದೇ, ಬಲಗಡೆ. ಭಾವ ಇಳಿಯದೆ ನಾನು ಇಳಿಯುವಂತಿಲ್ಲ. ಅವರು ಹಿಡಿಕೆ ಎಳೆಯುತ್ತಲೇ ಇದ್ದಾರೆ, ಬಾಗಿಲು ಬಿಡುತ್ತಿಲ್ಲ. “ಭಾವ, ಮೇಲ್ಗಡೆ ಇನ್ನೊಂದು ಚಿಲಕ ಇದೆ, ತೆಗೀರಿ!” ಅಂತ ಕಿರುಚಿದೆ. ಅವರು ನನ್ನ ಮುಖ ನೋಡಿದರೇ ಹೊರತು ಚಿಲಕ ನೋಡಲಿಲ್ಲ. ಅವರ ಮೈಮೇಲೆ ಬಗ್ಗಿ ನಾನೇ ತಿರುಗಿಸಿದೆ. ಇಬ್ಬರೂ ರೆಕ್ಕೆಯ ಮೇಲೆ ಮುಗ್ಗರಿಸಿದೆವು. ಪ್ರೊಪೆಲ್ಲರಿನ ಎರಡೂ ಅಲಗು ಹಿಂದಕ್ಕೆ ಬಾಗಿ, ತುದಿಯಲ್ಲಿ ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿದ್ದವು.

ವಿಚಾರಣೆಗೆ ಬಂದ ಅಧಿಕಾರಿ ಬರೆದುಕೊಂಡದ್ದು, ಪೈಲಟ್ ಗೇರ್ ಇಳಿಸಲಿಲ್ಲ ಅಂತ ಒಂದೇ ಸಾಲು. ಟವರ್ ಅವಸರಪಡಿಸಿದ ಮಾತೇ ಅದರಲ್ಲಿಲ್ಲ. ಅದು ಅನ್ಯಾಯ ಅಂತ ಇವತ್ತಿಗೂ ಹೇಳುತ್ತೇನೆ. ಇನ್ನು ಖರ್ಚಿನ ಮಾತು: ಪ್ರೊಪೆಲ್ಲರ್ ನೆಲಕ್ಕೆ ಬಡಿದರೆ ಎಂಜಿನ್ ಬಿಚ್ಚಿ ಪರೀಕ್ಷಿಸಲೇಬೇಕು. ನನ್ನ ಹಣ ಕರಗಿದ್ದು ಹೊಟ್ಟೆಯ ತಗಡಿಗಿಂತ ಹೆಚ್ಚಾಗಿ ಅದಕ್ಕೇ.

ಮಡಚುವ ಚಕ್ರದ ವಿಮಾನ ಹಾರಿಸುವ ನಮ್ಮ ಹುಡುಗರು ಕೇಳಿ. ಯಾರಾದರೂ ಅವಸರಪಡಿಸಿದರೆ ಆಗಲ್ಲ ಅನ್ನಿ, ಇನ್ನೊಂದು ಸುತ್ತು ಹಾಕಿ. ರನ್‌ವೇ ಎದುರಿಗೆ ಬಂದಾಗ ಚಕ್ರ ಇಳಿದಿದೆ ಅನ್ನುವ ಮೂರು ಹಸಿರು ದೀಪವನ್ನು ಬಾಯಿಬಿಟ್ಟು ಎಣಿಸಿ. ಆ್ಯರೋದಲ್ಲಿ ಹಗಲು ಹೊತ್ತು ನ್ಯಾವಿಗೇಷನ್ ದೀಪ ಹಾಕಿದ್ದರೆ ಈ ಹಸಿರು ಮಂಕಾಗಿ ಕಣ್ಣಿಗೇ ಬೀಳದು, ಆರಿಸಿಡಿ. ಪ್ರೊಪೆಲ್ಲರ್ ಬಡಿದ ಮೇಲೆ ವಿಮಾನವನ್ನು ಮತ್ತೆ ಏರಿಸಲು ಹೋಗಬೇಡಿ. ನೆಂಟರನ್ನು ಕೂರಿಸಿಕೊಂಡರೆ ಬಾಗಿಲಿನ ಎರಡೂ ಚಿಲಕ ಅವರ ಕೈಯಲ್ಲೇ ತೆಗೆಸಿ. ಇಳಿದು ನಿಲ್ಲುವ ತನಕ ಮಾತಾಡಬೇಡಿ ಅಂತ ಹೇಳಿ, ಹಿರಿಯರಾದರೂ ಹೇಳಿ.