ಆಯ್ದಕ್ಕಿಯೂ ಆಯ್ಕೆಯೂ



‘ಆಯ್’ ಎಂಬುದು ಕನ್ನಡದ ಒಂದು ಸಣ್ಣ ಧಾತು. ನೆಲದ ಮೇಲೆ ಚೆಲ್ಲಿದ ಕಾಳನ್ನು ಒಂದೊಂದಾಗಿ ಎತ್ತಿಕೊಳ್ಳುವುದು ಆಯುವುದು; ಮೊರದಲ್ಲಿ ಅಕ್ಕಿಯನ್ನು ಹರಡಿಕೊಂಡು ಕಲ್ಲನ್ನು ಬೇರೆ ಮಾಡುವುದೂ ಆಯುವುದೇ. ಹಲವು ದಾರಿಗಳಲ್ಲಿ ಒಂದನ್ನು ತನ್ನದೆಂದು ಹಿಡಿದರೆ ಅದನ್ನು ಆಯ್ಕೆ ಎನ್ನುತ್ತೇವೆ. ಸಂಸ್ಕೃತದಲ್ಲಿ ‘ವೃ’ ಧಾತುವಿಗೆ ಇದೇ ಅರ್ಥವುಂಟು. ವರನೆಂದರೆ ಆರಿಸಲ್ಪಟ್ಟವನು. ವ್ರತಶಬ್ದವನ್ನೂ ಈ ಧಾತುವಿನಿಂದಲೇ ಸಾಧಿಸುವ ಪಂಡಿತರಿದ್ದಾರೆ. ಆ ಪಕ್ಷದಲ್ಲಿ ಮದುವೆಯ ಚಪ್ಪರದಲ್ಲಿ ನಿಂತ ವರನೂ, ದೀಕ್ಷೆಯ ದಿನ ಹಿಡಿದ ವ್ರತವೂ ಒಂದೇ ಬೇರಿನ ಎರಡು ಕವಲುಗಳಾಗುತ್ತವೆ. ಗೃಹಸ್ಥನ ಒಲುಮೆಗೂ ಭಕ್ತನ ನಿಷ್ಠೆಗೂ ಇರುವ ಈ ನಂಟನ್ನು ವಿಚಾರಮಾಡುವುದೇ ಈ ತಿಂಗಳ ಪಾಠ.

ಇದನ್ನು ಬರೆಯುವುದಕ್ಕೆ ಒಂದು ಪ್ರಸಂಗ ಕಾರಣವಾಯಿತು. ಕಳೆದ ಶ್ರಾವಣದಲ್ಲಿ ಮದ್ದೂರಿನ ಶಿವಪುರದಲ್ಲಿ ಭಕ್ತರೊಬ್ಬರ ಮನೆಗೆ ಪೂಜೆಯ ನಿಮಿತ್ತ ಹೋಗಿದ್ದೆನು. ಪ್ರಸಾದವಾದ ಮೇಲೆ ಮನೆಯ ಯಜಮಾನರು ಹತ್ತಿರ ಬಂದು ಕುಳಿತು, ತಗ್ಗಿದ ದನಿಯಲ್ಲಿ ಕೇಳಿದರು: “ಮೇಷ್ಟ್ರೇ, ಮಗಳಿಗೆ ಎರಡು ಕಡೆಯಿಂದ ಸಂಬಂಧ ಬಂದಿದೆ. ಒಂದು ಕಡೆ ನಾಲೆಯ ಕೆಳಗೆ ಗದ್ದೆ, ಆಲೆಮನೆ, ಪೇಟೆಯಲ್ಲಿ ಮನೆ ಎಲ್ಲ ಇದೆ. ಆದರೆ ಅವರು ಕೇಳುವುದೂ ಬಹಳ. ಇನ್ನೊಂದು ಕಡೆ ಹುಡುಗನಿಗೆ ಹಾಲಿನ ಸಂಘದಲ್ಲಿ ಸಣ್ಣ ಕೆಲಸ, ಒಂದೆಕರೆ ಹೊಲ. ಇವಳು ಆ ಹುಡುಗನೇ ಆಗಬೇಕು ಅಂತಾಳೆ. ಹಿರಿಯರ ಮಾತು ಮೀರುವುದು ಧರ್ಮವೇ? ಶರಣರು ಏನು ಹೇಳ್ತಾರೆ?”

ಬಾಗಿಲ ಬಳಿ ನಿಂತಿದ್ದ ಮಗಳನ್ನು, “ನಿನ್ನ ಮಾತೇನಮ್ಮಾ?” ಎಂದು ಕೇಳಿದೆನು. ಅವಳು ತುಸು ತಡೆದು ಹೇಳಿದಳು: “ಆ ಮನೆಯವರು ಕೇಳಿದ್ದನ್ನೆಲ್ಲ ಅಪ್ಪ ಸಾಲ ಮಾಡಿಯಾದರೂ ಕೊಡ್ತಾರೆ. ಕೊಟ್ಟಮೇಲೆ ನಾನು ಅಲ್ಲಿ ಇದು ತಪ್ಪು ಅಂತ ಒಂದು ಮಾತು ಅಂದರೆ ಕೇಳೋರು ಯಾರು ಮೇಷ್ಟ್ರೇ? ಇವರು ಕೇಳ್ತಾರೆ.”

ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ಹಿಂತಿರುಗುವ ದಾರಿಯಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನೆನಪಾಯಿತು.

ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಈ ದಂಪತಿಗಳು 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಅಡಿಗೆಮಾಡಿ ಜಂಗಮದಾಸೋಹವನ್ನು ನಡೆಸಿ ಪ್ರಸಾದವನ್ನು ಸ್ವೀಕರಿಸುವುದು ಆ ಮನೆಯ ನೇಮ. ಶೂನ್ಯಸಂಪಾದನೆಯಲ್ಲಿ ಇವರ ವೃತ್ತಾಂತ ಬರುತ್ತದೆ. ಒಮ್ಮೆ ಮಾರಯ್ಯನವರು ಶರಣರೊಡನೆ ತತ್ತ್ವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿ ಎಬ್ಬಿಸಿದವರು ಲಕ್ಕಮ್ಮನವರು. ಅವರು ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ತಡೆದವರೂ ಅವರೇ. ಎಂದಿನ ಅಳತೆಯನ್ನು ಮೀರಿದ ಅಕ್ಕಿ ಈ ಮನೆಗೆ ಸಲ್ಲದು, ತಂದಲ್ಲಿಯೇ ಸುರಿದು ಬನ್ನಿರೆಂಬುದು ಆ ತಾಯಿಯ ನಿಲುವು. ಮಾರಯ್ಯನವರು ಹಾಗೆಯೇ ಮಾಡಿದರು.

ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದುದು ಮೂರು ಸಂಗತಿ. ಮೊದಲನೆಯದು, ಹೆಚ್ಚಾಗಿ ತಂದ ಅಕ್ಕಿ ಕದ್ದುದಲ್ಲ. ಅಂಗಳದಲ್ಲಿ ಬಿದ್ದುದು, ದಾಸೋಹಕ್ಕೆ ಸಲ್ಲತಕ್ಕದ್ದು. ಹೊರಗಿನವರು ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಆದರೂ ಅದು ಆಸೆಯ ಮೊದಲ ಕಾಳೆಂದು ಗುರುತಿಸಿದುದು ಮನೆಯೊಳಗಿನ ಕಣ್ಣು. ಎರಡನೆಯದು, ಹೇಳುವುದಕ್ಕೆ ಲಕ್ಕಮ್ಮನವರಿಗೆ ಧೈರ್ಯವಿದ್ದಂತೆ ಕೇಳುವುದಕ್ಕೆ ಮಾರಯ್ಯನವರಿಗೆ ವಿನಯವಿದ್ದಿತು. ನಾವು ಹೇಳಿದವರನ್ನು ಕೊಂಡಾಡುತ್ತೇವೆ, ಕೇಳಿದವರನ್ನು ಮರೆಯುತ್ತೇವೆ. ಚೀಲವನ್ನು ಹೆಗಲಿಗೇರಿಸಿ ಬಂದ ದಾರಿಯಲ್ಲಿಯೇ ಮರಳಿ ನಡೆಯುವುದು ಸಾಮಾನ್ಯ ಕಾರ್ಯವಲ್ಲ. ಮೂರನೆಯದು ಅಂಕಿತ. ಮಾರಯ್ಯನವರ ವಚನಗಳ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನವರದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನನ್ನು ತಿದ್ದಿದ ಹೆಂಡತಿಯೇ ದೇವರ ಹೆಸರಿನ ಪಕ್ಕದಲ್ಲಿ ಗಂಡನ ಹೆಸರನ್ನು ಇಟ್ಟಿದ್ದಾರೆ. ತಿದ್ದುವುದು ಒಲುಮೆಗೆ ವಿರೋಧವಲ್ಲ, ಒಲುಮೆಯ ಕಾಯಕವೇ ಅದು ಎಂಬುದಕ್ಕೆ ಬೇರೆ ಪ್ರಮಾಣ ಬೇಕೆ?

ಈ ಕಥೆಯನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಅದರ ಅರ್ಥವಾದುದು ಮಾತ್ರ ಒಂದು ರಾತ್ರಿ. ಆಗ ನನಗೆ ಮದುವೆಯಾಗಿ ಎರಡು ವರ್ಷ. ಪ್ರಸಾದನಿಲಯದ ಉಗ್ರಾಣದ ಲೆಕ್ಕ ನನ್ನ ಕೈಯಲ್ಲಿತ್ತು. ವರ್ಷದ ಕೊನೆಗೆ ಲೆಕ್ಕವೆಲ್ಲ ಸರಿಹೋಗಿ ಅರ್ಧ ಚೀಲ ಅಕ್ಕಿ ಉಳಿಯಿತು. ಪುಸ್ತಕದಲ್ಲಿಲ್ಲದ ಅಕ್ಕಿ, ಕೇಳುವವರಿಲ್ಲ ಎಂದುಕೊಂಡು ಸೈಕಲ್ಲಿನ ಹಿಂದೆ ಕಟ್ಟಿ ಮನೆಗೆ ತಂದೆನು. ನನ್ನ ಹೆಂಡತಿ ಚೀಲವನ್ನು ನೋಡಿ, “ಇದು ಯಾವ ಮಕ್ಕಳ ಪಾಲು?” ಎಂದಳು. ಆ ರಾತ್ರಿ ಆ ಚೀಲವನ್ನು ಬಿಚ್ಚಲಿಲ್ಲ. ಮೊದಲು ನನಗೆ ಸಿಟ್ಟು ಬಂದಿತು. ಆಮೇಲೆ ನಿದ್ರೆ ಬರಲಿಲ್ಲ. ಬೆಳಗಾಗುವ ಮುನ್ನ ಅದನ್ನು ಹಿಂದಕ್ಕೆ ಒಯ್ದು, ಪುಸ್ತಕದಲ್ಲಿ ‘ಉಳಿಕೆ’ ಎಂದು ಬರೆದೆನು. ಅವಳು ಲಕ್ಕಮ್ಮನವರ ವಚನಗಳನ್ನು ಓದಿದವಳಲ್ಲ, ಓದಿದವನು ನಾನು.

ಶರಣರ ಬಾಳಿನಲ್ಲಿ ಮಹತ್ತಾದ ಆಯ್ಕೆಗಳೂ ಉಂಟು. ಮೋಳಿಗೆಯ ಮಾರಯ್ಯನವರು ರಾಜ್ಯವನ್ನು ಬಿಟ್ಟು ಬಂದು ಸೌದೆಯ ಹೊರೆ ಹೊತ್ತರೆಂದು ಪರಂಪರೆ ಹೇಳುತ್ತದೆ. ಹರಳಯ್ಯನವರೂ ಮಧುವರಸರೂ ಕುಲವನ್ನೆಣಿಸದೆ ಬೀಗರಾಗಿ, ಅದಕ್ಕೆ ತಮ್ಮ ಪ್ರಾಣವನ್ನೇ ತೆತ್ತರು. ಶಿವಪುರದ ನೆಲದಲ್ಲಿಯೂ ಅಂತಹ ಒಂದು ದಿನ ಬಂದಿತ್ತು. 1938ರ ಏಪ್ರಿಲ್ 11ರಂದು ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನದಲ್ಲಿ, ಸರ್ಕಾರದ ನಿಷೇಧಾಜ್ಞೆಯಿದ್ದರೂ ಟಿ. ಸಿದ್ದಲಿಂಗಯ್ಯನವರು ರಾಷ್ಟ್ರಧ್ವಜವನ್ನು ಏರಿಸಿ ಸೆರೆಗೆ ಹೋದರು. ಅದರ ನೆನಪಿಗೆ ಸತ್ಯಾಗ್ರಹ ಸೌಧ ಅಲ್ಲಿ ನಿಂತಿದೆ. ಇಂತಹ ದಿನಗಳು ಎಲ್ಲರ ಬಾಳಿನಲ್ಲಿಯೂ ಬರುವುದಿಲ್ಲ. ಅಕ್ಕಿಯ ಚೀಲವಾದರೋ ಎಲ್ಲರ ಹೊಸ್ತಿಲಿಗೂ ಬರುತ್ತದೆ. ತೂಕದಲ್ಲಿ ಒಂದಿಷ್ಟು ಹೆಚ್ಚು, ಬಡ್ಡಿಯಲ್ಲಿ ಒಂದಿಷ್ಟು ಹೆಚ್ಚು, ಬೀಗರಿಂದ ಒಂದಿಷ್ಟು ಹೆಚ್ಚು, ಹೀಗೆ ಅದು ವೇಷವನ್ನು ಬದಲಿಸಿಕೊಂಡು ಬರುತ್ತದೆ.

ಆದುದರಿಂದ ಆ ಯಜಮಾನರಿಗೆ ನಾನು ಮರುವಾರ ಹೋಗಿ ಹೇಳಿದ ಮಾತನ್ನೇ ಇಲ್ಲಿ ಬರೆಯುತ್ತೇನೆ. ವರದಕ್ಷಿಣೆಯನ್ನು 1961ರ ಕಾನೂನು ನಿಷೇಧಿಸಿದೆ. ಲಕ್ಕಮ್ಮನವರು ಅದಕ್ಕೆ ಎಷ್ಟೋ ಶತಮಾನ ಮೊದಲೇ ತಮ್ಮ ಪಾಲಿನದಲ್ಲದ್ದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಕೇಳಿ ಪಡೆಯುವ ಹಣ ಹೆಚ್ಚಿಗೆಯ ಅಕ್ಕಿಯೇ. ಅದನ್ನು ಕೇಳುವ ಮನೆಯಲ್ಲಿ ಸೊಸೆಯ ನಾಲಗೆಗೆ ಮೊದಲೇ ಬೀಗ ಬಿದ್ದಿರುತ್ತದೆ. ನಿಮ್ಮ ಮಗಳು ಬಡತನವನ್ನು ಆಯ್ದುಕೊಳ್ಳುತ್ತಿಲ್ಲ. ತನ್ನ ಮಾತಿಗೆ ಕಿವಿಗೊಡುವವನನ್ನು ಆಯ್ದುಕೊಳ್ಳುತ್ತಿದ್ದಾಳೆ. ಹಿರಿಯರಾದ ನೀವು ಹುಡುಗನ ನಡತೆಯನ್ನು ವಿಚಾರಿಸಿರಿ, ಕಾಯಕವನ್ನು ವಿಚಾರಿಸಿರಿ, ದುಶ್ಚಟವುಂಟೇ ಎಂದು ಕೇಳಿರಿ. ಅದು ನಿಮ್ಮ ಧರ್ಮ. ಎಕರೆಗಳನ್ನು ಎಣಿಸುವುದನ್ನು ಮಾತ್ರ ಕೊನೆಗಿಡಿರಿ.

ಮಗಳಿಗೂ ಒಂದು ಮಾತು ಹೇಳಿದೆನು: “ಇವರು ಕೇಳ್ತಾರೆ ಅಂದೆಯಲ್ಲ ತಾಯಿ, ನಾಳೆ ಅವನು ನಿನಗೆ ತಪ್ಪು ಎಂದಾಗ ನೀನೂ ಕೇಳಬೇಕು. ಲಗ್ನದ ದಿನ ಒಮ್ಮೆ ಆಯ್ದರೆ ಸಾಲದು. ಅಕ್ಕಿಯನ್ನು ಆಯುವಂತೆ ಅದು ದಿನದಿನದ ಕೆಲಸ.” ಅವಳು ನಕ್ಕು ಒಳಗೆ ಹೋದಳು. ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, “ಆ ಹುಡುಗನ ಮನೆಗೆ ಒಂದು ಸಲ ಹೋಗಿ ಬರೋಣ, ನೀವೂ ಬನ್ನಿ ಮೇಷ್ಟ್ರೇ” ಎಂದರು. ಹೋಗುವ ದಿನವಿನ್ನೂ ಗೊತ್ತಾಗಿಲ್ಲ.

ಓದಿದ ಭಕ್ತರು ಇಂದಿನ ಸಾಯಂಪೂಜೆಯ ತರುವಾಯ ಮನೆಯವರೆಲ್ಲ ಕುಳಿತು ಎರಡು ಪ್ರಶ್ನೆಗಳನ್ನು ಮನನ ಮಾಡಬೇಕೆಂದು ಪ್ರಾರ್ಥನೆ. ಈ ದಿನ ನಮ್ಮ ಮನೆಗೆ ಬಂದುದರಲ್ಲಿ ನಮ್ಮ ಪಾಲಿಗಿಂತ ಹೆಚ್ಚಿನದು ಯಾವುದಾದರೂ ಉಂಟೇ? ಉಂಟೆಂದು ಮನೆಯ ಕಿರಿಯಳು ಹೇಳಿದರೂ ಕೇಳುವ ಕಿವಿ ನಮಗುಂಟೇ?