ಮೂರೂವರೆ ಅಡಿ ರೆಕ್ಕೆ, ಮೂರಡಿ ಬಾಗಿಲು

ವಿಮಾನದ ಮಾದರಿ ಕಿಟ್‌ಗೆ ಆರ್ಡರ್ ಹಾಕುವ ಮೊದಲು ಟೇಪು ಹಿಡಿದು ಮನೆಯ ಬಾಗಿಲು ಅಳೆಯಿರಿ. ತಮಾಷೆಗೆ ಹೇಳುತ್ತಿಲ್ಲ. ಬಿ-24 ಲಿಬರೇಟರ್ ಬಾಂಬರ್‌ನ ರೆಕ್ಕೆಯ ಹರವು 110 ಅಡಿ. 1/32 ಅಳತೆಗೆ ಇಳಿಸಿದರೂ ಮೂರಡಿ ಐದಿಂಚು ಬರುತ್ತದೆ. ಉದ್ದ ಎರಡಡಿ ದಾಟುತ್ತದೆ. ನಮ್ಮ ಮನೆಯ ರೂಮಿನ ಬಾಗಿಲು ಮೂರೇ ಅಡಿ. ಹಾಬಿ ಬಾಸ್ ಕಂಪನಿಯ ಈ ಕಿಟ್‌ನ ಪೆಟ್ಟಿಗೆ ಬಂದ ದಿನ ಅಮ್ಮ ಅದನ್ನು ಸುತ್ತು ಹಾಕಿ ನೋಡಿ, "ಎಲ್ಲಿಡ್ತೀಯಪ್ಪಾ ಇದನ್ನ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದೇ ವಿಮಾನ ಯಾಕೆ ಅಂದರೆ, ಇದಕ್ಕೂ ಬೆಂಗಳೂರಿಗೂ ಹಳೆಯ ನಂಟು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಲವು ಲಿಬರೇಟರ್‌ಗಳು ಕಾನ್ಪುರದಲ್ಲಿ ಉಳಿದುಹೋದವು, ಅದೂ ಮತ್ತೆ ಯಾರೂ ಹಾರಿಸದಂತೆ ಬೇಕೆಂದೇ ಕೆಡಿಸಿದ ಸ್ಥಿತಿಯಲ್ಲಿ. ಎಚ್‌ಎಎಲ್‌ನವರು ಅವನ್ನು ಹಾರುವಷ್ಟು ಮಟ್ಟಿಗೆ ಅಲ್ಲೇ ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿ ತಂದು, ಇಲ್ಲಿ ಸರಿಯಾಗಿ ಸಿದ್ಧಪಡಿಸಿದರು. 1948ರಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾದದ್ದು ಇವುಗಳಿಂದಲೇ. 1968ರವರೆಗೂ ಲಿಬರೇಟರ್ ನಮ್ಮಲ್ಲಿ ಸೇವೆಯಲ್ಲಿತ್ತು. ದೆಹಲಿಯ ಪಾಲಂ ಮ್ಯೂಸಿಯಂನಲ್ಲಿ ಒಂದಿದೆ; ಆ ಕಡೆ ಹೋದರೆ ಚಕ್ರದ ಗೂಡು, ಎಂಜಿನ್ನಿನ ಮೂತಿ ಇವುಗಳ ಫೋಟೊ ಹತ್ತಿರದಿಂದ ತೆಗೆದುಕೊಂಡು ಬನ್ನಿ.

ಕೈಪಿಡಿಯನ್ನು ಹಿಂದಿನಿಂದ ಓದಿ

ದೊಡ್ಡ ಕಿಟ್ ಕಷ್ಟವಾಗುವುದು ಬಿಡಿಭಾಗಗಳ ಸಂಖ್ಯೆಯಿಂದಲ್ಲ, ಕ್ರಮ ತಪ್ಪುವುದರಿಂದ. ಕೈಪಿಡಿ ಬರೆಯುವವರಿಗೆ ಭಾಗಗಳು ಕೂತರೆ ಸಾಕು. ಅದಕ್ಕೆ ಬಣ್ಣ ಹೊಡೆಯುವವರು ನೀವು. ಹಾಗಾಗಿ ಕೊನೆಯ ಪುಟದಿಂದ ಶುರು ಮಾಡಿ. ಆಂಟೆನಾ, ಗನ್ನಿನ ನಳಿಗೆ, ಪ್ರೊಪೆಲ್ಲರ್‌ನಂಥ ಹೊರಚಾಚಿದ ಭಾಗಗಳು ಯಾವ ಹಂತದಲ್ಲೇ ಬರಲಿ, ಕೆಂಪು ಪೆನ್ನಿನಲ್ಲಿ 'ಕಡೆಗೆ' ಎಂದು ಗುರುತು ಹಾಕಿ. ಮೊದಲೇ ಅಂಟಿಸಿದರೆ ಮುರಿಯುವುದು ಖಂಡಿತ.

ಆಮೇಲೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಲೆಕ್ಕ ಹಾಕಿ. ಲಿಬರೇಟರ್‌ಗೆ ನಾಲ್ಕು ಎಂಜಿನ್, ಒಂದೊಂದಕ್ಕೆ 14 ಸಿಲಿಂಡರ್. ಒಟ್ಟು 56. ಆದರೆ ಇವು ಏಳೇಳರ ಎರಡು ಸಾಲು. ಕವಚ ಮುಚ್ಚಿದ ಮೇಲೆ ಕಣ್ಣಿಗೆ ಬೀಳುವುದು ಮುಂದಿನ ಸಾಲು ಮಾತ್ರ. ಹಿಂದಿನ 28ಕ್ಕೆ ಕಪ್ಪು ಸ್ಪ್ರೇ ಹೊಡೆದು ಮರೆತುಬಿಡಿ. ಬಾಂಬ್ ಕೋಣೆಯ ಬಾಗಿಲುಗಳಂತೂ ಅಂಗಡಿಯ ರೋಲಿಂಗ್ ಶಟರ್ ಹಾಗೆ ಮೈಗೆ ಅಂಟಿಕೊಂಡೇ ಮೇಲಕ್ಕೆ ಸರಿಯುತ್ತವೆ. ತೆರೆದಿಡುತ್ತೀರೋ ಮುಚ್ಚುತ್ತೀರೋ ಈಗಲೇ ತೀರ್ಮಾನಿಸಿ. ಮುಚ್ಚಿದರೆ ಒಂದು ತಿಂಗಳ ಕೆಲಸ ಉಳಿಯುತ್ತದೆ. ನಾನು ತೆರೆದಿಟ್ಟೆ. ಪಶ್ಚಾತ್ತಾಪವಿಲ್ಲ, ಕತ್ತು ಮಾತ್ರ ಇನ್ನೂ ನೋಯುತ್ತಿದೆ.

ಭಾಗಗಳನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಹೋಗದಿದ್ದರೆ ಬಣ್ಣ ನಿಲ್ಲದು. ಸಿಂಕಿನ ತೂತಿಗೆ ಜರಡಿ ಇಡುವುದನ್ನು ಮರೆಯಬೇಡಿ.

ಮೂಗಿಗೆ ಭಾರ

ಲಿಬರೇಟರ್‌ಗೆ ಮೂಗಿನಡಿ ಒಂದು ಚಕ್ರ, ರೆಕ್ಕೆಯಡಿ ಎರಡು. ಬಾಲ ಭಾರ. ನನ್ನ ಮೊದಲ ಲಿಬರೇಟರ್ 1/72ರದ್ದು, ಪುಟ್ಟದು. ಎಲ್ಲ ಮುಗಿಸಿ ಮೇಜಿನ ಮೇಲೆ ಇಟ್ಟೆ. ನಿಧಾನವಾಗಿ ಮೂಗೆತ್ತಿ, ಕುಂಡೆ ಊರಿ ಕೂತಿತು. ಭಾರ ಹಾಕಿದ್ದೆ, ಸಾಕಾಗಿರಲಿಲ್ಲ. ಅಂಟಿಸಿಯಾದ ಮೇಲೆ ಒಳಗೆ ಕೈ ಹೋಗುವುದುಂಟೇ?

ಹಾಗಾಗಿ ಅಂಟಿಸುವ ಮೊದಲೇ ತೂಗಬೇಕು. ಒಡಲಿನ ಎರಡು ಹೋಳು, ರೆಕ್ಕೆ, ಬಾಲ, ಎಂಜಿನ್ ಎಲ್ಲವನ್ನೂ ಟೇಪಿನಿಂದ ಜೋಡಿಸಿ. ರೆಕ್ಕೆಯಡಿಯ ಚಕ್ರ ಬರುವ ಜಾಗದ ನೇರಕ್ಕೆ ಅಡ್ಡಲಾಗಿ ಒಂದು ಪೆನ್ಸಿಲ್ ಇಟ್ಟು ಅದರ ಮೇಲೆ ವಿಮಾನ ನಿಲ್ಲಿಸಿ. ಮೂಗಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಕೂರಿಸಿ, ಮೂಗು ಕೆಳಗೆ ಬಂದು ನಿಲ್ಲುವವರೆಗೆ ಲೋಹದ ಸಣ್ಣ ಗುಂಡು ಹಾಕುತ್ತಾ ಹೋಗಿ. ಬಂದ ತೂಕಕ್ಕೆ ಕಾಲು ಭಾಗ ಸೇರಿಸಿ, ಬಣ್ಣದ ತೂಕ ಇನ್ನೂ ಬರಬೇಕಲ್ಲ. ಮೂಗಿನ ತುದಿ ಗಾಜಿನದ್ದಾದ್ದರಿಂದ ಭಾರವನ್ನು ಪೈಲಟ್ ಕೂರುವ ನೆಲದಡಿ, ಮುಂದಿನ ಚಕ್ರದ ಗೂಡಿನ ಅಕ್ಕಪಕ್ಕ ಬಚ್ಚಿಡಿ. ಎಂಜಿನ್ ಗೂಡುಗಳೂ ಚಕ್ರಕ್ಕಿಂತ ಮುಂದೆ ಇರುವುದರಿಂದ ಅಲ್ಲಿ ಹಾಕಿದ್ದೂ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಚಕ್ರಕ್ಕೆ ಹತ್ತಿರ, ಮೂಗಿನಲ್ಲಿ ಹಾಕಿದಷ್ಟು ಕೆಲಸ ಮಾಡದು.

ಸೈಕಲ್ ಅಂಗಡಿಯ ಬೇರಿಂಗ್ ಗುಂಡು ಒಳ್ಳೆಯದು. ಗಾಳಕ್ಕೆ ಕಟ್ಟುವ ಸೀಸ ಹಾಕುವುದಾದರೆ ಫೆವಿಕಾಲ್‌ನಲ್ಲಿ ಅಂಟಿಸಲೇಬೇಡಿ. ಬಿಳಿ ಅಂಟಿನ ಆಮ್ಲಕ್ಕೆ ಸೀಸ ಬಿಳಿ ಪುಡಿಯಾಗಿ ಉಬ್ಬುತ್ತದೆ, ಕೆಲವು ವರ್ಷದಲ್ಲಿ ಒಡಲೇ ಬಿರಿಯುತ್ತದೆ. ಅರಾಲ್ಡೈಟ್ ಬಳಸಿ, ಸೀಸ ಮುಟ್ಟಿದ ಕೈ ತೊಳೆಯಿರಿ. ಇಷ್ಟು ಭಾರ ಹೊರುವ ಪ್ಲಾಸ್ಟಿಕ್ ಕಾಲುಗಳು ನಿಧಾನವಾಗಿ ಬಾಗುತ್ತವೆ. ಒಳಗೆ ತೂತು ಕೊರೆದು ಹಿತ್ತಾಳೆ ತಂತಿ ತೂರಿಸಿ.

ಇಷ್ಟಾದರೂ ಬಾಲ ಕೂತರೆ, ಬಾಲದಡಿಗೆ ಒಂದು ಸಣ್ಣ ಊರುಗೋಲು ಕೊಡಿ. ನಿಜವಾದ ಲಿಬರೇಟರ್‌ಗಳಿಗೂ ನೆಲದ ಮೇಲೆ ಹಾಗೆ ಆಸರೆ ಕೊಡುತ್ತಿದ್ದರು, ಯಾರೂ ತಪ್ಪು ಹುಡುಕಲಾರರು.

ಅಂಟು, ಸಂದು

ಪ್ಲಾಸ್ಟಿಕ್ ಸಿಮೆಂಟ್ ಅಂಟಲ್ಲ, ಎರಡೂ ಕಡೆಯ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ದ್ರವ. ಎರಡು ಹೋಳು ಕೂಡಿಸಿ ಹಿಡಿದು, ಬ್ರಷ್ ತುದಿಯನ್ನು ಸಂದಿಗೆ ತಾಗಿಸಿ. ದ್ರವ ತಾನೇ ಗೆರೆಯುದ್ದಕ್ಕೂ ಓಡುತ್ತದೆ. ಬೆರಳು ಸಂದಿನ ಮೇಲಿದ್ದರೆ ನಿಮ್ಮ ಹೆಬ್ಬೆಟ್ಟಿನ ಗುರುತು ವಿಮಾನಕ್ಕೆ ಶಾಶ್ವತ. ಒಂದೇ ಸಲ ಎರಡಡಿ ಅಂಟಿಸಲು ಹೋಗದೆ ನಾಲ್ಕು ನಾಲ್ಕು ಇಂಚು ಮುಂದುವರಿಯಿರಿ. ಎರಡು ದಿನ ಮುಟ್ಟಬೇಡಿ. ಆಮೇಲೆ ಸಂದಿನ ಎರಡೂ ಬದಿಗೆ ಟೇಪು ಹಚ್ಚಿ ವಾಟರ್ ಪೇಪರ್‌ನಿಂದ ಉಜ್ಜಿ, ಟೇಪು ರಿವೆಟ್‌ಗಳನ್ನು ಕಾಯುತ್ತದೆ. ಮೊಬೈಲ್ ಟಾರ್ಚನ್ನು ಅಡ್ಡ ಹಿಡಿದರೆ ಉಳಿದ ಗೆರೆ ಕೂಡಲೇ ಕಾಣುತ್ತದೆ.

ಗಾಜಿನ ಭಾಗಗಳ ಹತ್ತಿರ ಫೆವಿಕ್ವಿಕ್ ತರಬೇಡಿ, ಅದರ ಆವಿ ಗಾಜಿಗೆ ಮಂಜು ಬಳಿಯುತ್ತದೆ. ಸೀಸಕ್ಕೆ ಬೇಡವೆಂದ ಫೆವಿಕಾಲ್ ಇಲ್ಲಿ ಸರಿಯಾದ ಅಂಟು.

ರೆಕ್ಕೆಯನ್ನು ಖಾಯಂ ಅಂಟಿಸದೆ, ಒಳಗೆ ಹಿತ್ತಾಳೆ ಕೊಳವೆಯ ತೊಲೆ ಕೊಟ್ಟು ಬಿಚ್ಚಿ ಹಾಕುವಂತೆ ಮಾಡಿಕೊಂಡರೆ ಅಮ್ಮನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ತೊಲೆಗೆ ತೂತು ಕೊರೆಯುವುದು ಒಡಲು ಮುಚ್ಚುವ ಮೊದಲು.

ಬಣ್ಣ

ಬಣ್ಣ ಬಳಿಯದ ಅಲ್ಯುಮಿನಿಯಂ ಮೈ ಬೇಕೆಂದರೆ ತಳಕ್ಕೆ ಹೊಳಪಿನ ಕಪ್ಪು ಹೊಡೆಯಿರಿ. ಲೋಹದ ಬಣ್ಣ ಒಂದು ಕೂದಲಷ್ಟು ಗೀರನ್ನೂ ಬಚ್ಚಿಡುವುದಿಲ್ಲ. ಮಳೆಗಾಲದಲ್ಲಿ ಲ್ಯಾಕರ್ ಬಳಸಿದರೆ ಗಾಳಿಯ ತೇವಕ್ಕೆ ಬಿಳಿ ಮಬ್ಬು ಕೂರುತ್ತದೆ. ಬಿಸಿಲು ಬರುವವರೆಗೆ ಕಾಯಿರಿ. ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ.

ಪೆಟ್ಟಿಗೆಯಲ್ಲಿ ಬರುವುದು ಅಮೆರಿಕದ ನಕ್ಷತ್ರದ ಸ್ಟಿಕರ್. ನಮ್ಮ ವಾಯುಪಡೆಯ ವೃತ್ತಗಳನ್ನು ನೀವೇ ಹೊಡೆಯಬಹುದು, ಸ್ಟಿಕರ್‌ಗಿಂತ ಚೆನ್ನಾಗಿ ಕಾಣುತ್ತದೆ. ಮೊದಲು ಇಡೀ ವೃತ್ತಕ್ಕೆ ಬಿಳಿ ಹೊಡೆದು ಒಂದು ದಿನ ಒಣಗಲು ಬಿಡಿ. ಬ್ಲೇಡ್ ಇರುವ ಕೈವಾರದಿಂದ ಮಾಸ್ಕಿಂಗ್ ಟೇಪಿನಲ್ಲಿ ಬಳೆಯಂತೆ ಕತ್ತರಿಸಿ, ಉಳಿಯಬೇಕಾದ ಬಿಳಿಯ ಮೇಲೆ ಅಂಟಿಸಿ. ಹೊರಗಿನದನ್ನು ಮುಚ್ಚಿ ನಡುವೆ ಹಸಿರು; ಅದು ಒಣಗಿದ ಮೇಲೆ ನಡುವನ್ನು ಮುಚ್ಚಿ ಹೊರಬಳೆಗೆ ಕೇಸರಿ. ಟೇಪನ್ನು ಮೊದಲು ಮುಂಗೈಗೆ ಒಂದೆರಡು ಸಲ ಅಂಟಿಸಿ ಕಿತ್ತು ಜಿಗುಟು ಕಮ್ಮಿ ಮಾಡಿ, ಇಲ್ಲದಿದ್ದರೆ ಅಲ್ಯುಮಿನಿಯಂ ಬಣ್ಣ ಟೇಪಿನ ಜೊತೆಗೇ ಎದ್ದು ಬರುತ್ತದೆ. ಕೀಳುವಾಗ ಮೇಲಕ್ಕೆ ಎಳೆಯಬೇಡಿ, ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಬಿಡಿಸಿ. ಫ್ಯಾನ್ ಆಫ್ ಮಾಡಿರಿ.