ಸೂಜಿ ಚುಚ್ಚದೆ ಯಕೃತ್ತಿನ ಕೊಬ್ಬನ್ನು ಅಳೆಯುವ ಬಗೆ

ನಮ್ಮ ದೇಹದ ಅತಿ ದೊಡ್ಡ ಗ್ರಂಥಿಯೆಂದರೆ ಯಕೃತ್ತು. ವಯಸ್ಕರಲ್ಲಿ ಅದರ ತೂಕ ಸುಮಾರು 1.5 ಕಿಲೋಗ್ರಾಂ. ಅದರ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿಗಳು ಸೇರಿಕೊಂಡರೆ ವೈದ್ಯರು ಅದನ್ನು 'ಫ್ಯಾಟಿ ಲಿವರ್' ಎನ್ನುವರು. ಮದ್ಯವನ್ನು ಮುಟ್ಟದವರಿಗೂ, ಮಕ್ಕಳಿಗೂ ಇದು ಬರುವುದುಂಟು. ನೋವಿಲ್ಲದ ಕಾರಣ ವರ್ಷಗಟ್ಟಲೆ ತಿಳಿಯದೆಯೇ ಉಳಿದು, ಕೆಲವರಲ್ಲಿ ಯಕೃತ್ತನ್ನು ಗಡುಸಾಗಿಸಿ ಪ್ರಾಣಕ್ಕೇ ಎರವಾಗುತ್ತದೆ. ಭಾರತ ಸರ್ಕಾರವು 2021ರಲ್ಲಿ ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗ ಮೊದಲಾದವುಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಿತು. ಆದ್ದರಿಂದ ಇದು ದೊಡ್ಡ ನಗರದವರ ಬೇನೆಯೆಂದು ಹಿಂದೂಪುರ, ಕಲ್ಯಾಣದುರ್ಗಗಳ ನಾವು ಸುಮ್ಮನಿರಲಾಗದು.

ಸೂಜಿಯಿಂದ ಯಕೃತ್ತಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ ಕ್ರಮ. ಆ ಚೂರು ಇಡೀ ಯಕೃತ್ತಿನ ಐವತ್ತು ಸಾವಿರದಲ್ಲೊಂದು ಪಾಲು ಮಾತ್ರ. ಒಂದು ಕಡಲೆಕಾಯಿಯನ್ನು ಸುಲಿದು ನೋಡಿ ಮೂಟೆಗಳ ರಾಶಿಗೇ ಬೆಲೆ ಕಟ್ಟುವ ವ್ಯಾಪಾರಿಯನ್ನು ನಮ್ಮ ರೈತರು ನಂಬುವರೆ?

ಎಂ.ಆರ್.ಐ. ಯಂತ್ರವು ಬೇರೊಂದು ದಾರಿ ಹಿಡಿಯುತ್ತದೆ. ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಜಲಜನಕವುಂಟು. ಬಲವಾದ ಕಾಂತಕ್ಷೇತ್ರದಲ್ಲಿ ಜಲಜನಕದ ಬೀಜಕಣಗಳು ಬುಗುರಿಗಳಂತೆ ತೂಗಾಡುತ್ತ ಸುತ್ತುತ್ತವೆ. 1.5 ಟೆಸ್ಲಾ ಯಂತ್ರದಲ್ಲಿ ಈ ವೇಗ ಸೆಕೆಂಡಿಗೆ ಸುಮಾರು 6 ಕೋಟಿ 39 ಲಕ್ಷ ಸುತ್ತು. ಕೊಬ್ಬಿನವು ಮಾತ್ರ ಸುಮಾರು 220 ಸುತ್ತು ಹಿಂದೆ! ಆದಕಾರಣ ಸೆಕೆಂಡಿನ ಸಾವಿರದಲ್ಲಿ 2.3 ಭಾಗ ಕಳೆದಾಗ ಇವೆರಡೂ ಎದುರುಬದುರಾಗುತ್ತವೆ, 4.6 ಭಾಗಕ್ಕೆ ಮತ್ತೆ ಜೊತೆಗೂಡುತ್ತವೆ. ಜೊತೆಗೂಡಿದಾಗ ಸಂಕೇತಗಳು ಕೂಡುತ್ತವೆ, ಎದುರಾದಾಗ ಕಳೆಯುತ್ತವೆ.

ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ. ಮೊದಲನೆಯ ಬಗೆಯ ಚಿತ್ರದಲ್ಲಿ 100, ಎರಡನೆಯದರಲ್ಲಿ 80 ಬಂತೆನ್ನೋಣ. ಎರಡನ್ನೂ ಕೂಡಿ ಅರ್ಧ ಮಾಡಿದರೆ ನೀರು 90. ಕಳೆದು ಅರ್ಧ ಮಾಡಿದರೆ ಕೊಬ್ಬು 10. ಎಂಟನೆಯ ತರಗತಿಯ ಬೀಜಗಣಿತವೇ ಇದು! ಡಿಕ್ಸನ್ ಎಂಬ ವಿಜ್ಞಾನಿ 1984ರಲ್ಲಿ ಈ ಉಪಾಯವನ್ನು ಪ್ರಕಟಿಸಿದನು. ಯಕೃತ್ತಿನಲ್ಲಿರುವ ಕಬ್ಬಿಣವು ಸಂಕೇತವನ್ನು ಕುಂದಿಸುವುದರಿಂದ ಈಗ ಆರರಷ್ಟು ಚಿತ್ರಗಳನ್ನು ತೆಗೆದು ತಿದ್ದಿಕೊಳ್ಳುವರು.

ಗಡುಸುತನವನ್ನು ಅಳೆಯಲು ಪಕ್ಕೆಯ ಮೇಲೆ ಸೆಕೆಂಡಿಗೆ 60 ಸಲ ಅದುರುವ ತಟ್ಟೆಯೊಂದನ್ನು ಇಡುವರು. ಗಡುಸಾದ ಯಕೃತ್ತಿನಲ್ಲಿ ಅಲೆ ವೇಗವಾಗಿ ಸಾಗುತ್ತದೆ. ಆದರೂ ಉರಿಯೂತವನ್ನು ಖಚಿತಪಡಿಸಲು ಸೂಜಿ ಇನ್ನೂ ಬೇಕಾಗುವುದುಂಟು.

ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ, ಖರ್ಚೂ ಹೆಚ್ಚು. ರಕ್ತಪರೀಕ್ಷೆ, ಅಲ್ಟ್ರಾಸೌಂಡ್‌ಗಳೇ ಮೊದಲ ಮೆಟ್ಟಿಲು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದನ್ನು ಮುಂಚಿತವಾಗಿ ತಿಳಿಸತಕ್ಕದ್ದು. ಇದರಲ್ಲಿ ಕ್ಷಕಿರಣವಿಲ್ಲ. ಕೊಬ್ಬನ್ನು ಅಳೆಯುವ ಚಿತ್ರಗಳಿಗೆ ಸುಮಾರು 20 ಸೆಕೆಂಡು ಉಸಿರು ಹಿಡಿದರೆ ಸಾಕು.